ನಿದ್ದೆಗೇಟು

"ನಿದ್ದೆಗೇಟ್ ಯಾರ್ರೀ, ನಿದ್ದೆಗೇಟ್! ಬೇಗ ಇಳೀರಿ," ಎಂದು ಕಂಡಕ್ಟರು ಎರಡು ಸಲ ಕೂಗಿದರೂ ಶಿವಮೂರ್ತಪ್ಪ ಏಳಲಿಲ್ಲ. ಕೇಳಿಸಲಿಲ್ಲವೆಂದಲ್ಲ. ಶಿವಮೊಗ್ಗದ ಸ್ಟ್ಯಾಂಡು ಬಿಟ್ಟಾಗಿನಿಂದ ಅವನು ಕಾಯುತ್ತಿದ್ದದ್ದೇ ಆ ಕೂಗಿಗೆ. ಟಿಕೆಟ್ ಕೊಳ್ಳುವಾಗ ಆ ಹೆಸರು ಹೇಳಲು ನಾಲಗೆ ಬರದೆ, "ಅದೇ, ಭದ್ರಾವತಿ ಓಲ್ಡ್ ಟೌನಿಗಿಂತ ಮುಂಚಿನ ಸ್ಟಾಪು," ಎಂದು ಸುತ್ತು ಬಳಸಿ ಹೇಳಿದಾಗ, "ನಿದ್ದೆಗೇಟು ಅನ್ರೀ, ಅಷ್ಟುದ್ದ ಯಾಕೆ?" ಎಂದು ಕಂಡಕ್ಟರು ಬಸ್ಸಿಗೆಲ್ಲ ಕೇಳುವಂತೆ ತಿದ್ದಿದ್ದ. ಈಗ ಆ ಜಾಗ ಬಂದಿತ್ತು, ಕಾಲು ಮಾತ್ರ ಮೇಲೇಳಲೊಲ್ಲದು. ಪಕ್ಕದಲ್ಲಿ ಹೂಕೋಸಿನ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹೆಂಗಸು ಮೊಣಕೈಯಿಂದ ತಿವಿದು, "ಯಜಮಾನ್ರೇ, ಏಳ್ರೀ, ನಿಮ್ ಸ್ಟಾಪ್ ಬಂತು. ನಿದ್ದೆ ಬಂತಾ?" ಎಂದಳು. ಹಿಂದಿನ ಸೀಟಿನಿಂದ ಯಾರೋ, "ನಿದ್ದೆಗೇಟಲ್ಲಿ ನಿದ್ದೆ ಬರ್ದೆ ಇನ್ನೆಲ್ಲಿ ಬರ್ಬೇಕು ಮಾರಾಯ್ತಿ," ಎಂದ. ಅರ್ಧ ಬಸ್ಸು ನಕ್ಕಿತು. "ನಿದ್ದೆ ಇಲ್ಲ, ಎಚ್ಚರ ಇದೀನಿ!" ಎಂದು ಶಿವಮೂರ್ತಪ್ಪ ಎದ್ದು ನಿಂತ. ಅಷ್ಟು ಜೋರಾಗಿ ಹೇಳಬೇಕಾದ್ದೇನೂ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನು ಹೆಗಲು ಮುಟ್ಟಿ ನೋಡಿಕೊಳ್ಳಲು ಶುರುಮಾಡಿ ಮೂವತ್ತೊಂದು ವರ್ಷವಾಗಿತ್ತು. ಕೈಯಲ್ಲಿದ್ದ ಫೈಲು ಬಾಗಿಲ ಕಂಬಿಗೆ ತಾಗಿ ಅದರೊಳಗಿನ ಹಾಳೆ ಕೆಳಗೆ ಬಿತ್ತು. ಕಂಡಕ್ಟರು ಅದನ್ನೆತ್ತಿ ಕೊಟ್ಟು ಸೀಟಿ ಊದಿದ.

ಬಂದ ಕೆಲಸ ದೊಡ್ಡದೇನಲ್ಲ. ಮುಚ್ಚಿಹೋದ ಬೆಂಕಿ ಇಟ್ಟಿಗೆ ಕಾರ್ಖಾನೆಗೆ ಗಣಿಯಿಂದ ಮಣ್ಣು ಸಾಗಿಸುತ್ತಿದ್ದ ಟ್ರಾಲಿ ದಾರಿಯ ಹಳಿ ಕಿತ್ತು, ಊರಿನವರೇ ಒಂದು ಸಮಿತಿ ಮಾಡಿಕೊಂಡು ಅದನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಅಂತ ಸರಿಮಾಡಿಸಿದ್ದರು. ಉದ್ದ ಎರಡು ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. ಅರ್ಧ ಅಗಲಕ್ಕೆ ಕೆಂಪು ಟೈಲ್ಸು, ಅರ್ಧಕ್ಕೆ ಸಿಮೆಂಟು. ಎರಡೂ ಬದಿಗೆ ದನ ನುಗ್ಗದ ಹಾಗೆ ಎದೆಮಟ್ಟದ ಕಬ್ಬಿಣದ ಬೇಲಿ. ದಾರಿಯುದ್ದಕ್ಕೂ ಹನ್ನೆರಡು ಕರಿಕಲ್ಲು, ಒಂದೊಂದರ ಮೇಲೂ ಎಂಟೆಂಟು ಸಾಲು ಊರಿನ ಇತಿಹಾಸ. ಭಾನುವಾರ ಉದ್ಘಾಟನೆ. ಹನ್ನೆರಡೂ ಕಲ್ಲಿನ ಬರಹ ಶಿವಮೂರ್ತಪ್ಪನದು. ಅದೇ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತನಾಗಿದ್ದು, ಅದು ಮುಚ್ಚಿದ ಮೇಲೆ ಶಿವಮೊಗ್ಗಕ್ಕೆ ಬಂದು ಗಾಂಧಿ ಬಜಾರಿನ ಹಿಂದಿನ ಬೀದಿಯಲ್ಲಿ ಮನೆ ಹಿಡಿದು, ಹದಿನೈದು ದಿನಕ್ಕೊಮ್ಮೆ ಸ್ಥಳೀಯ ಪತ್ರಿಕೆಗೆ ಹಳೆಯ ಭದ್ರಾವತಿಯ ಸಂಗತಿಗಳನ್ನು ಬರೆಯುತ್ತಿದ್ದವನು. ಹಳೆಯದನ್ನು ಬಲ್ಲವನು ಎಂದು ನಾಲ್ಕು ಜನ ಗೌರವದಿಂದ ಮಾತಾಡಿಸುತ್ತಿದ್ದರು. ಹಳೆಯದನ್ನು ಎಷ್ಟು ಬಲ್ಲೆ ಎಂದು ಅವನಿಗೊಬ್ಬನಿಗೇ ಗೊತ್ತಿತ್ತು. ಇವತ್ತು ಕೆಂಪು ಪೆನ್ನು ಹಿಡಿದು ಬಂದದ್ದು ಕಲ್ಲುಗಳ ಕಾಗುಣಿತ ನೋಡಲು.

ಬಸ್ ಸ್ಟಾಪಿನ ಎದುರಿಗೇ, ಹಿಂದೆ ಟ್ರಾಲಿ ದಾರಿಯ ಗೇಟಿದ್ದಲ್ಲಿ, ಒಂಬತ್ತನೇ ಕಲ್ಲು. ಅದರ ಪಕ್ಕದ ಚಿಕ್ಕ ಗೇಟಿಗೆ ಭಾನುವಾರದವರೆಗೆ ಸರಪಳಿ ಬಿಗಿದು ಬೀಗ ಹಾಕಿದ್ದರು. ಬೇಲಿಯ ಸಂದಿಯಿಂದ ಕಲ್ಲಿನ ಬೆನ್ನು ಮಾತ್ರ ಕಾಣುತ್ತಿತ್ತು. ಒಳಗೆ ಹೋಗಬೇಕಾದರೆ ಗಣಿಯ ಕಡೆಯ ತುದಿಗೆ ಹೋಗಿ ಒಂದನೇ ಕಲ್ಲಿನಿಂದ ಶುರುಮಾಡಬೇಕು. ಒಮ್ಮೆ ಒಳಹೊಕ್ಕರೆ ಇನ್ನೊಂದು ತುದಿಯವರೆಗೆ ಎಲ್ಲೂ ಬಿಡುಗಡೆಯಿಲ್ಲ. ಅವನು ಅಷ್ಟು ದೂರ ನಡೆಯುತ್ತ ಒಂದು ಉಪಾಯ ಮಾಡಿದ. ಎಂಟು ನೋಡಿ ನೇರ ಹತ್ತಕ್ಕೆ ಹೋಗುವುದು. ಪಟ್ಟಿಯಲ್ಲಿ ಒಂಬತ್ತರ ಮುಂದೆಯೂ 'ಸರಿ ಇದೆ' ಎಂದು ಬರೆಯುವುದು. ಯಾರು ಕೇಳುತ್ತಾರೆ? ಹಾಗಂದುಕೊಂಡೊಡನೆ ಅವನಿಗೆ ನಾಚಿಕೆಯಾಯಿತು. ನೋಡದೆಯೇ ಸರಿ ಇದೆ ಎಂದು ಬರೆಯುವುದು ಅವನಿಗೆ ಹೊಸದಾಗಿರಲಿಲ್ಲ.

ಒಂದನೇ ಕಲ್ಲಿನಲ್ಲಿ ದಾರಿ ಹಾಕಿಸಿದ ಎಂಜಿನಿಯರರು, ಅವರ ಹಿಂದೆ ಬಂದ ಮ್ಯಾನೇಜರರು, ಎಲ್ಲರೂ ಬಹುವಚನದಲ್ಲಿದ್ದರು: ನಿರ್ಮಿಸಿದರು, ದುಡಿದರು, ನಿವೃತ್ತರಾದರು. ಕೊನೆಯ ಸಾಲಿನಲ್ಲಿ ಸಮಿತಿಯ ಅಧ್ಯಕ್ಷರು ಶ್ರೀ ವಿಜಯಕುಮಾರ್ ಅವರು. ವಿಜಯಕುಮಾರ ಎಂದರೆ ಶಿವಮೂರ್ತಪ್ಪನ ಹೆಂಡತಿ ಜಗದಾಂಬಾಳ ತಮ್ಮ, ಈಗ ಗಾಂಧಿ ಬಜಾರಿನ ದೊಡ್ಡ ಹಾರ್ಡ್‌ವೇರ್ ಅಂಗಡಿಯವನು. ಒಂದು ಕಾಲಕ್ಕೆ ಇದೇ ದಾರಿಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ. ಅಂದರೆ ಸನ್ನೆಕೋಲು ಎಳೆದು ಟ್ರಾಲಿಗಳನ್ನು ಇಟ್ಟಿಗೆ ಸುಡುವ ಗೂಡಿನ ಕಡೆಗೋ ಉಗ್ರಾಣದ ಕಡೆಗೋ ತಿರುಗಿಸುವವನು. ಅದು ಕಲ್ಲಿನ ಮೇಲೆ ಇರಲಿಲ್ಲ. ಎರಡರಲ್ಲಿ 'ಸುಣ್ಣ'ದ ಒತ್ತು ಸರಿಯಿತ್ತು. ಮೂರರಲ್ಲಿ ಒಂದು ಸೊನ್ನೆ ಮಾಸಿತ್ತು, ಗುರುತು ಹಾಕಿಕೊಂಡ. ತಪ್ಪು ಸಿಕ್ಕಿದಾಗೆಲ್ಲ ಒಂದು ಬಗೆಯ ಸಮಾಧಾನ. ಸೊನ್ನೆಯ ತಪ್ಪು, ಒತ್ತಿನ ತಪ್ಪು, ದೀರ್ಘದ ತಪ್ಪು ಎಲ್ಲಾ ಕೆಂಪು ಪೆನ್ನಿಗೆ ಸಿಗುವಂಥವು. ಜನವರಿಯ ಬಿಸಿಲು ಇನ್ನೂ ಎಳೆಯದಾಗಿತ್ತು. ಬೇಲಿಯ ಸರಳುಗಳ ನೆರಳು ಟೈಲ್ಸಿನ ಮೇಲೆ ಅಡ್ಡಡ್ಡ ಬಿದ್ದು ಹಳಿ ಕಿತ್ತ ಮೇಲೂ ಹಳಿಯ ಮರದ ದಿಮ್ಮಿಗಳು ಉಳಿದುಕೊಂಡಿವೆಯೇನೋ ಅನ್ನಿಸುತ್ತಿತ್ತು. ಅವನ ಹೆಜ್ಜೆ ತಾನಾಗಿ ಒಂದೊಂದೇ ನೆರಳನ್ನು ತುಳಿಯುತ್ತ ಹೋಯಿತು.

ನಾಲ್ಕನೇ ಕಲ್ಲು 'ಬಿಲ್ಲೆ ಮನೆ'. ಹನ್ನೆರಡರಲ್ಲಿ ಅವನು ಪ್ರೀತಿಯಿಂದ ಬರೆದದ್ದು ಇದೊಂದನ್ನೇ. ಪ್ರತಿ ಕಾರ್ಮಿಕನಿಗೂ ನಂಬರು ಒತ್ತಿದ ಒಂದು ಹಿತ್ತಾಳೆ ಬಿಲ್ಲೆ. ಕೆಲಸಕ್ಕೆ ಬಂದವನು ಅದನ್ನು ಹಲಗೆಯ ಮೇಲೆ ತನ್ನ ನಂಬರಿನ ಮೊಳೆಗೆ ತಗಲಿಸಬೇಕು, ಹೋಗುವಾಗ ತೆಗೆದುಕೊಳ್ಳಬೇಕು. ಸೈರನ್ನಾದ ಮೇಲೆ ಗುಮಾಸ್ತ ಹಲಗೆ ನೋಡಿ ಹಾಜರಿ ಬರೆದುಕೊಳ್ಳುತ್ತಾನೆ. ಕಲ್ಲಿನ ಮೇಲೆ ಇದ್ದದ್ದು ಅಷ್ಟು. ಇರದಿದ್ದದ್ದು ಏನೆಂದರೆ, ಆ ಕಾರ್ಖಾನೆಯಲ್ಲಿ ಇನ್ನೊಬ್ಬರ ಬಿಲ್ಲೆ ತಗಲಿಸುವುದು ತಪ್ಪು ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ಅದು. ನಾಮಕರಣಕ್ಕೆ, ಜ್ವರಕ್ಕೆ, ಹೊಸ ಪಿಕ್ಚರಿಗೆ, 'ಒಂದು ಬಿಲ್ಲೆ ತಗಲ್ಸಿಬಿಡಪ್ಪ' ಎನ್ನುವುದು, ಇನ್ನೊಮ್ಮೆ ತಾನು ತಗಲಿಸುವುದು. ಬಿಲ್ಲೆ ಬಂದರೆ ಆಳು ಬಂದಂತೆ. ಆಗ ಅವನಿಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಜಗದಾಂಬಾ ರೊಟ್ಟಿ ಬಡಿಸುತ್ತ, ಎರಡನೇ ರೊಟ್ಟಿಯ ಮೇಲೆ ಕೇಳದೆಯೇ ಬೆಣ್ಣೆ ಹಾಕಿ, "ನಮ್ ವಿಜಿ ನಾಳೆ ಕುಂಸಿಗೆ ಹೆಣ್ಣು ನೋಡೋಕೆ ಹೋಗ್ಬೇಕಂತೆ. ರಜ ಕೊಡಲ್ವಂತೆ. ಅವನದೊಂದು ಬಿಲ್ಲೆ ಹಾಕ್ಬಿಡ್ರೀ, ನಿಮ್ ಕೈಯಲ್ಲೇ ಇದ್ಯಲ್ಲ," ಎಂದಿದ್ದಳು. ಹೊಸ ಹೆಂಡತಿ ಮೊದಲ ಸಲ ಏನನ್ನೋ ಕೇಳಿದ್ದಳು. ಅವನಿಗೆ ಹೆಮ್ಮೆಯೇ ಆಗಿತ್ತು. ಮರುದಿನ ಬೆಳಿಗ್ಗೆ ಇನ್ನೂರ ಹನ್ನೆರಡನೇ ನಂಬರಿನ ಬಿಲ್ಲೆಯನ್ನು ಜೇಬಿನಿಂದ ತೆಗೆದು, ಪಂಚೆಯ ಅಂಚಿಗೆ ಉಜ್ಜಿ ಹೊಳೆಸಿ, ಮೊಳೆಗೆ ತಗಲಿಸಿದ್ದ. ಯಾಕೆ ಹೊಳೆಸಿದೆ? ಅದೊಂದು ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಐದು, ಆರು, ಏಳು. ಓದುತ್ತಿದ್ದೇನೆ ಎಂದುಕೊಂಡು ಓದುತ್ತಿರಲಿಲ್ಲ. ಪಾಯಿಂಟ್ಸ್‌ಮನ್ ಇಲ್ಲದ ದಿನ ಆ ಕೆಲಸವನ್ನೂ ಗೇಟ್‌ಮನ್ನೇ ನೋಡಿಕೊಳ್ಳಬೇಕು. ಇದೂ ಒಂದು ಬಗೆಯ ಹೆಪ್ಪು. "ಅಲ್ಲಾಬಕ್ಷಣ್ಣಾ, ಒಂದಿನ ನೋಡ್ಕೋ," ಎಂದು ವಿಜಯ ಹೇಳಿ ಹೋಗಿದ್ದ. ಗೇಟ್‌ಮನ್ ಅಲ್ಲಾಬಕ್ಷ್ ಹೂಂ ಅಂದಿದ್ದ. ಇಲ್ಲ ಅನ್ನುವ ಆಳಲ್ಲ ಅವನು. ಟ್ರಾಲಿಗಳು ಬಂದಾಗಲೆಲ್ಲ ರಸ್ತೆಯ ಗೇಟು ಹಾಕಿ, ಫರ್ಲಾಂಗು ದೂರದ ಸನ್ನೆಕೋಲಿಗೆ ಓಡಿ, ಎಳೆದು, ತಿರುಗಿ ಓಡಿಬಂದು ಗೇಟು ತೆಗೆದ. ಹೀಗೆ ಮೂರು ಸಲ. ನಾಲ್ಕನೆಯದು ಹೊತ್ತಿಗೆ ಮುಂಚೆ ಬಂತು. ಸನ್ನೆಕೋಲನ್ನು ಮೊದಲೇ ತಿರುಗಿಸಿಟ್ಟು ಬರೋಣವೆಂದು ಹೋಗಿದ್ದ ಅವನು ಇನ್ನೂ ಅಲ್ಲೇ ಇದ್ದ, ಗೇಟು ತೆರೆದೇ ಇತ್ತು. ಸೌದೆ ಹೊರೆ ಹೊತ್ತು ಹಳಿ ದಾಟುತ್ತಿದ್ದ ಕಲ್ಲಮ್ಮ ಎಂಬ ಹೆಂಗಸು ಟ್ರಾಲಿಗೆ ಸಿಕ್ಕಿ ಅಲ್ಲೇ ಸತ್ತಳು. ಸೌದೆ ಮಾತ್ರ ಹಳಿಯ ಈಚೆಗೆ ಕಟ್ಟು ಬಿಚ್ಚದೆ ಬಿದ್ದಿತ್ತು. ಅದೇ ಹೊತ್ತಿಗೆ ಕುಂಸಿಯಲ್ಲಿ ವಿಜಯ ಉಪ್ಪಿಟ್ಟು ತಿನ್ನುತ್ತಿದ್ದ. ಸಾಯಂಕಾಲದ ಬಸ್ಸಿಗೆ ಬಂದು ಸನ್ನೆಕೋಲಿನ ಹತ್ತಿರ ಬೆಳಗಿನಿಂದ ಇದ್ದವನ ಹಾಗೆ ನಿಂತುಕೊಂಡ. ಬಿಲ್ಲೆ ಮೊಳೆಯಲ್ಲಿ ಹೊಳೆಯುತ್ತಿತ್ತು.

ಮೂರನೇ ದಿನ ವಿಚಾರಣೆ. "ನಾನು ಸನ್ನೆಕೋಲಿನ ಹತ್ರ ಇದ್ದೆ ಸಾಬ್, ವಿಜಯ ಬಂದಿರ್ಲಿಲ್ಲ," ಎಂದ ಅಲ್ಲಾಬಕ್ಷ್. ಸಾಹೇಬರು ಶಿವಮೂರ್ತಪ್ಪನ ಕಡೆ ತಿರುಗಿ, "ಇನ್ನೂರ ಹನ್ನೆರಡು?" ಎಂದರು. ಅವನು ರಿಜಿಸ್ಟರು ತೆರೆದು, ಬೆರಳನ್ನು ಸಾಲಿನುದ್ದಕ್ಕೂ ಎಳೆದು, "ಹಾಜರ್," ಎಂದ. ಒಂದೇ ಮಾತು. ಅಲ್ಲಾಬಕ್ಷ್ ಅವನ ಕಡೆ ನೋಡಿದ. ಸಿಟ್ಟಿನಿಂದಲ್ಲ, ಸಾಲು ತಪ್ಪಿ ಓದಿದ ಹುಡುಗನನ್ನು ಮೇಷ್ಟ್ರು ನೋಡುವ ಹಾಗೆ, ಇನ್ನೇನು ತಾನಾಗಿಯೇ ತಿದ್ದಿಕೊಳ್ಳುತ್ತಾನೆ ಎಂದು ಕಾಯುತ್ತಾ ನೋಡಿದ. ಶಿವಮೂರ್ತಪ್ಪ ರಿಜಿಸ್ಟರು ಮುಚ್ಚಿದ. ಪಾಯಿಂಟ್ಸ್‌ಮನ್ ಹಾಜರಿದ್ದ ಮೇಲೆ ಗೇಟ್‌ಮನ್ ಗೇಟು ಬಿಟ್ಟು ಓಡಬೇಕಾದ ಕಾರಣವೇ ಇಲ್ಲ. ಹಾಗಾದರೆ ಗೇಟು ಯಾಕೆ ಹಾಕಿರಲಿಲ್ಲ? ಮಧ್ಯಾಹ್ನ, ಊಟವಾಗಿದೆ, ತೂಕಡಿಸಿರಬೇಕು. ಸಾಹೇಬರು ಬರೆದುಕೊಂಡರು. ಅಲ್ಲಾಬಕ್ಷನನ್ನು ಕೆಲಸದಿಂದ ತೆಗೆದರು. ವರ್ಷದೊಳಗೆ ಆ ಜಾಗಕ್ಕೆ ನಿದ್ದೆಗೇಟು ಅಂತ ಹೆಸರಾಯಿತು. ಮೊದಲು ತಮಾಷೆಗೆ, ಆಮೇಲೆ ವಿಳಾಸಕ್ಕೆ, ಆಮೇಲೆ ಬಸ್ಸಿನ ಬೋರ್ಡಿಗೆ. ಆ ಹೆಸರನ್ನು ಪೋಸ್ಟ್ ಕಾರ್ಡಿನ ಮೇಲೆ ಮೊದಲ ಸಲ ಕಂಡ ದಿನ ಅವನು ಮನೆಗೆ ಬಂದು ಊಟ ಮಾಡಲಿಲ್ಲ. ಜಗದಾಂಬಾ ಯಾಕೆಂದು ಕೇಳಲಿಲ್ಲ. ಅವಳು ಆವತ್ತಿನಿಂದ ಇವತ್ತಿನವರೆಗೆ ಬಿಲ್ಲೆ ಎಂಬ ಮಾತನ್ನೇ ಆಡಿಲ್ಲ. ಮೊನ್ನೆ ಮೊಮ್ಮಗಳ ಶಾಲೆಯ ಬಿಲ್ಲೆ ಕಳೆದಾಗಲೂ, "ಅದೇ, ಅಂಗಿಗೆ ಸಿಕ್ಸ್ಕೊಳ್ಳೋದು," ಎಂದಳು. ಇಬ್ಬರೂ ಒಂದೇ ಮನೆಯಲ್ಲಿ, ಒಂದು ಮಾತಿನ ಎರಡು ಬದಿಗೆ, ಮೂವತ್ತೊಂದು ವರ್ಷ ಸಂಸಾರ ಮಾಡಿದ್ದರು.

ಇಷ್ಟೆಲ್ಲ ಆದ ಮೇಲೂ ಒಂಬತ್ತನೇ ಕಲ್ಲನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟೂ ಇದ್ದ. ಹನ್ನೊಂದೇ ಬರಹ ತೆಗೆದುಕೊಂಡು ವಿಜಯನ ಅಂಗಡಿಗೆ ಹೋಗಿದ್ದ. ವಿಜಯ ಹಾಳೆ ತಿರುವಿಹಾಕಿ, "ಇದೇನ್ ಭಾವ, ನಿದ್ದೆಗೇಟಿಂದೇ ಇಲ್ವಲ್ಲ? ಜನ ಮೊದ್ಲು ಕೇಳೋದೇ ಅದನ್ನ," ಎಂದ. ಶಿವಮೂರ್ತಪ್ಪ ಅವನ ಮುಖವನ್ನೇ ನೋಡಿದ. ಏನಾದರೂ ಕಾಣಬಹುದೆಂದು, ಒಂದು ಸಣ್ಣ ಅಳುಕಾದರೂ. ಏನೂ ಇರಲಿಲ್ಲ. ವಿಜಯ ನಿಜವಾಗಿಯೂ ಮರೆತಿದ್ದ. ಮರೆತವನ ಎದುರು ನೆನಪಿಟ್ಟುಕೊಂಡವನೇ ತಪ್ಪಿತಸ್ಥನಂತೆ ಕಾಣುತ್ತಾನೆ. ಅಲ್ಲೇ, ಮೊಳೆಯ ಡಬ್ಬಗಳ ಮಧ್ಯೆ ಕೂತು ಎಂಟು ಸಾಲು ಬರೆದ. ಕೊನೆಯ ಸಾಲು, 'ಅಂದು ಗೇಟ್‌ಮನ್ ನಿದ್ರೆ ಹೋಗಿದ್ದನಂತೆ.' ಆ 'ಅಂತೆ' ಹಾಕಿದಾಗ ಅವನಿಗೆ ಎಷ್ಟೋ ಕಾಲದ ಮೇಲೆ ಉಸಿರಾಡಲು ಒಂದು ಕಿಂಡಿ ಸಿಕ್ಕಿದ ಹಾಗಾಗಿತ್ತು. ನಾನು ಹೇಳುತ್ತಿಲ್ಲ, ಜನ ಹೇಳುತ್ತಾರೆ, ಇರಬಹುದು, ಇಲ್ಲದಿರಬಹುದು. ವಿಜಯ ಓದಿ ನಕ್ಕ. "ಕಲ್ಲಲ್ಲಿ ಯಾರಾದ್ರೂ ಅಂತೆ ಅಂತ ಕೆತ್ತಿಸ್ತಾರೇನ್ರೀ ಭಾವ? ಅಂತೆ ಕಂತೆ ಎಲ್ಲ ಸಂತೇಲಿ. ಇತಿಹಾಸ ಅಂದ್ರೆ ಆಗಿದ್ದು ಆಯ್ತು ಅಂತಿರ್ಬೇಕು. ಮತ್ತೆ ಹೆಸರಿಲ್ದೆ ಗೇಟ್‌ಮನ್ ಅಂದ್ರೆ ಏನ್ ಚಂದ? ಏನೋ ಇತ್ತಲ್ಲ ಅವನ ಹೆಸರು?" ಶಿವಮೂರ್ತಪ್ಪ ಹೆಸರನ್ನು ಹೇಳಿದ. ತಾನೇ ಸೇರಿಸಿದ. ಕೊನೆಯ 'ನಂತೆ'ಯನ್ನೂ ತಾನೇ ಹೊಡೆದುಹಾಕಿದ. ಅದರ ಜೊತೆ ಅದರ ಮುಂದಿನ ಚುಕ್ಕೆಯೂ ಹೋಯಿತು.

ಎಂಟನೇ ಕಲ್ಲು ಮುಗಿಸಿ ತಲೆಯೆತ್ತಿದರೆ ಉಪಾಯ ಕೆಟ್ಟಿತ್ತು. ಒಂಬತ್ತನೇ ಕಲ್ಲಿನ ಎದುರು, ನೆಲದ ಮೇಲೆ ಗೋಣಿ ಹಾಸಿಕೊಂಡು ಆರ್ಮುಗಂ ಕೂತಿದ್ದ. ಹನ್ನೆರಡೂ ಕಲ್ಲು ಕೆತ್ತಿದವನು ಅವನೇ. ಕನ್ನಡ ಓದಲು ಬಾರದು, ಕೆತ್ತಲು ಮಾತ್ರ ಬರುತ್ತದೆ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ. ಪಕ್ಕದಲ್ಲಿ ಸೈಕಲ್ಲನ್ನು ಬೇಲಿಗೆ ಒರಗಿಸಿ, ತಲೆಯ ಮೇಲೆ ದುಪಟ್ಟಾ ಹೊದ್ದ ನಲವತ್ತರ ಹತ್ತಿರದ ಒಬ್ಬ ಹೆಂಗಸು ಕಲ್ಲನ್ನು ಓದುತ್ತ ನಿಂತಿದ್ದಳು. "ಬನ್ನಿ ಸಾರ್, ನಿಮಗೇ ಕಾಯ್ತಾ ಇದ್ದೆ," ಎಂದ ಆರ್ಮುಗಂ. "ಈ ಟೀಚರಮ್ಮ ಇದ್ರಲ್ಲಿ ತಪ್ಪಿದೆ ಅಂತಾರೆ. ನಿಮ್ಮನ್ನ ಕೇಳ್ದೆ ನಾನು ಕೈ ಹಾಕಲ್ಲ ಅಂದೆ."

ತಪ್ಪಿದೆ. ಶಿವಮೂರ್ತಪ್ಪ ಸುತ್ತ ನೋಡಿದ. ಎಡಕ್ಕೆ ಬೇಲಿ, ಬಲಕ್ಕೆ ಬೇಲಿ, ಬೇಲಿಯಾಚೆ ಬಸ್ ಸ್ಟಾಪಿನಲ್ಲಿ ಹೂಕೋಸಿನ ಹೆಂಗಸಿನಂಥವರೇ ನಾಲ್ಕು ಜನ ಇತ್ತ ನೋಡುತ್ತ ನಿಂತಿದ್ದರು. ಆಯಿತು, ಮುಗಿಯಿತು ಎಂದುಕೊಂಡ. ಹಾಗೆ ಅಂದುಕೊಂಡಾಗ ಭಯದ ಅಡಿಯಲ್ಲಿ ಸಣ್ಣದೊಂದು ಸಂತೋಷವೂ ಇತ್ತು. ಅದನ್ನು ಅವನು ಮುಚ್ಚಿಡಲಾರ. ಯಾರೋ ಕೊನೆಗೂ ರಿಜಿಸ್ಟರು ತೆರೆದು ನೋಡಿದರಲ್ಲ.

"ನಮಸ್ತೆ ಸಾರ್. ನಾನು ಹಫೀಜಾ," ಎಂದಳು. "ಇಲ್ಲೇ ಉರ್ದು ಸ್ಕೂಲಲ್ಲಿ ಕನ್ನಡ ಹೇಳ್ಕೊಡ್ತೀನಿ. ಇದ್ರಲ್ಲಿರೋದು ನಮ್ ಅಬ್ಬಾ ಹೆಸರು."

"ಹೇಳಿ ಮೇಡಂ," ಎಂದ.

ಅವಳು ಬೆರಳು ಕಲ್ಲಿಗೆ ತಾಗಿಸಿ ತೋರಿಸಿದಳು. "ಇಲ್ಲಿ ನೋಡಿ ಸಾರ್. 'ಅಲ್ಲಾಭಕ್ಷ್' ಅಂತ ಮಹಾಪ್ರಾಣ ಹಾಕಿದಾರೆ. ಬರೀ 'ಬ' ಸಾರ್. ಬಕ್ಷ್ ಅಂದ್ರೆ ಕೊಟ್ಟಿದ್ದು, ದೇವರು ಕೊಟ್ಟ ಮಗ ಅಂತ. ಹೊಟ್ಟೆ ಸೀಳಿದ 'ಭ' ಬರೆದ್ರೆ ಕನ್ನಡದಲ್ಲಿ ತಿನ್ನೋದು ಅಂತಾಗತ್ತೆ. ಭಕ್ಷ್ಯ ಭೋಜ್ಯದ ಭ. ನಾಳೆ ನನ್ ಮಕ್ಳೇ ಓದಿ ನಗ್ತಾರೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಗುಣಿತ. ಅವಳು ಬಂದಿದ್ದದ್ದು ಕಾಗುಣಿತಕ್ಕೆ. ಬರೆದವನು ತಾನೇ, ಮೊಳೆಯ ಡಬ್ಬಗಳ ಮಧ್ಯೆ, ಮರ್ಯಾದೆಯ ಹೆಸರಿಗೆ ಒಂದು ಮಹಾಪ್ರಾಣವಿದ್ದರೆ ತೂಕ ಎಂಬ ಗುಮಾಸ್ತರ ಹಳೆಯ ಚಾಳಿಯಿಂದ. ಟೈಮ್ ಆಫೀಸಿನಲ್ಲಿ ಅವರೆಲ್ಲ ಹಾಗೇ ಬರೆಯುತ್ತಿದ್ದರು. ಯಾರೂ ಬಂದು ಕೇಳಿರಲಿಲ್ಲ. "ತಪ್ಪಾಯ್ತು ಮೇಡಂ, ನನ್ನದೇ ತಪ್ಪು," ಎಂದ. ಎಷ್ಟು ಸುಲಭವಾಗಿ ಬಂತು ಆ ಮಾತು! ಅದೇ ಮಾತು, ಅದೇ ಅಕ್ಷರಗಳು. ಬೇರೆ ತಪ್ಪಿಗೆ ಹೇಳಿದ್ದು ಅಷ್ಟೇ. ಅವನು ಅದನ್ನು ಮತ್ತೊಮ್ಮೆ ಹೇಳಿದ, ಈ ಸಲ ಅದರೊಳಗೆ ಇನ್ನೊಂದನ್ನೂ ತುರುಕಬಹುದೇನೋ ಎಂದು. "ಎಲ್ಲಾ ನನ್ನದೇ ತಪ್ಪು."

"ಅಯ್ಯೋ, ಒಂದಕ್ಷರಕ್ಕೆ ಅಷ್ಟ್ಯಾಕೆ ಸಾರ್," ಎಂದು ಹಫೀಜಾ ನಕ್ಕಳು. ಆರ್ಮುಗಂ ಕಲ್ಲಿನ ಪುಡಿಗೆ ಅಂಟು ಕಲಸಿ 'ಭ'ದ ಹೊಟ್ಟೆಯ ಸೀಳನ್ನು ತುಂಬತೊಡಗಿದ. ಅದು ಗಟ್ಟಿಯಾಗುವವರೆಗೆ ನಿಲ್ಲಬೇಕಿತ್ತು. ಅವಳು ಮಾತಾಡಿದಳು. "ಈ ಹೆಸರು ಕಲ್ಲಲ್ಲಿ ಬರತ್ತೆ ಅಂದಾಗ ನಮ್ ತಮ್ಮ ಶಹಬಾಜ್ ಜಗಳ ಮಾಡೋಣ ಅಂದ ಸಾರ್. ನಾನೇ ಬೇಡ ಅಂದೆ. ನಿದ್ದೆ ಮಾಡಿದ್ದು ಮಾಡಿದ್ದೇ, ಒಂದು ಜೀವ ಹೋಗಿದೆ. ಹೆಸರಾದ್ರೂ ಸರಿಯಾಗಿರ್ಲಿ ಅಂತ ಬಂದೆ."

"ಅವರು... ನಿಮ್ ತಂದೆ, ಏನ್ ಹೇಳ್ತಿದ್ರು?" ಕೇಳಬಾರದಿತ್ತು. ಕೇಳಿಬಿಟ್ಟಿದ್ದ.

"ಮೊದ್ಲೆಲ್ಲ ಹೇಳ್ತಿದ್ರಂತೆ, ಸನ್ನೆಕೋಲಿನ ಹತ್ರ ಇದ್ದೆ, ಅಲ್ಲಿ ಇರ್ಬೇಕಾದೋನು ಬಂದಿರ್ಲಿಲ್ಲ ಅಂತ. ಯಾರು ಅಂತ ಹೆಸರು ಹೇಳ್ತಿರ್ಲಿಲ್ಲ, ಅವನ ಮನೆ ಯಾಕೆ ಹಾಳು ಮಾಡ್ಲಿ ಅಂತಿದ್ರು. ಆಮೇಲೆ ಅದನ್ನೂ ಬಿಟ್ಬಿಟ್ರು. ಅಷ್ಟು ಜನ ನಿದ್ದೆ ನಿದ್ದೆ ಅಂದ್ರೆ ಯಾರಿಗಾದ್ರೂ ಏನನ್ಸತ್ತೆ ಸಾರ್? ಕೊನೆಕೊನೆಗೆ ಅಬ್ಬಾಗೇ ಅನುಮಾನ. 'ಒಂದ್ ಕ್ಷಣ ಕಣ್ಣು ಹತ್ತಿತ್ತೇನೋ ಹಫೀಜಾ' ಅಂತಿದ್ರು. ಹಾಸಿಗೆ ಮೇಲೆ ಮಲಗೋದೇ ಬಿಟ್ರು. ಗೋಡೆಗೆ ಒರಗಿ ಕೂತೇ ನಿದ್ದೆ. ನಾವು ಹತ್ರ ಹೋದ್ರೆ ಥಟ್ಟಂತ ಎದ್ದು, 'ನಿದ್ದೆ ಇಲ್ಲ, ಎಚ್ಚರ ಇದೀನಿ' ಅಂತಿದ್ರು. ಹೋಗೋವಾಗ್ಲೂ ಅದನ್ನೇ ಅಂದ್ರು. ನಾಲ್ಕು ವರ್ಷ ಆಯ್ತು."

ಬೇಲಿಯಾಚೆ ಬಸ್ಸೊಂದು ಬಂದು ನಿಂತಿತು. ನಿದ್ದೆಗೇಟ್ ಯಾರ್ರೀ, ನಿದ್ದೆಗೇಟ್. ಶಿವಮೂರ್ತಪ್ಪ ಕಲ್ಲಿನ ತುದಿಯನ್ನು ಹಿಡಿದುಕೊಂಡ. ಅದು ಬಿಸಿಲಿಗೆ ಕಾದಿತ್ತು. ಅವನು ಇಷ್ಟು ವರ್ಷ ಅಂದುಕೊಂಡಿದ್ದದ್ದು, ತಾನು ಒಬ್ಬ ಮನುಷ್ಯನ ಕೆಲಸ ಕಿತ್ತುಕೊಂಡೆ, ಹೆಸರು ಕೆಡಿಸಿದೆ ಅಂತ. ಅದಕ್ಕೆ ಅವನು ಹೇಗೋ ಹೊಂದಿಕೊಂಡಿದ್ದ. ಎಲ್ಲೋ ಒಂದು ಮನೆಯಲ್ಲಿ ಅಲ್ಲಾಬಕ್ಷನಿಗಾದರೂ ಸತ್ಯ ಗೊತ್ತಿದೆ, ಅದು ಅಲ್ಲಿ ಭದ್ರವಾಗಿದೆ ಎಂದು. ಈಗ ನೋಡಿದರೆ ಅಲ್ಲಿಯೂ ಇರಲಿಲ್ಲ. ಪ್ರಪಂಚದಲ್ಲಿ ಆ ಮಧ್ಯಾಹ್ನದ ಸತ್ಯವನ್ನು ಇನ್ನು ಹೇಳಬಲ್ಲವನು ತಾನೊಬ್ಬನೇ. ಅವನಿಗೆ ಅಳು ಬಂತು. ಅಳಲು ತನಗೆ ಹಕ್ಕಿಲ್ಲ ಎಂದೂ ಅನ್ನಿಸಿತು. "ನಾನು ಅದೇ ಟೈಮ್ ಆಫೀಸಿನಲ್ಲಿ ಇದ್ದೆ," ಎಂದ ಮೆಲ್ಲಗೆ.

"ಗೊತ್ತು ಸಾರ್. ಅಬ್ಬಾ ನಿಮ್ ಬಗ್ಗೆ ಹೇಳ್ತಿದ್ರು. ಆ ಗುಮಾಸ್ತರು ಕೆಟ್ಟೋರಲ್ಲ, ಪಾಪ, ರಿಜಿಸ್ಟರಲ್ಲಿ ಇದ್ದದ್ದನ್ನ ಓದಿದ್ರು ಅಷ್ಟೇ ಅಂತ. ನಿಮ್ ಲೇಖನ ಪೇಪರಲ್ಲಿ ಬಂದ್ರೆ ನನ್ ಕೈಲಿ ಓದಿಸ್ತಿದ್ರು. ಅದ್ಕೇ ನಂಗೆ ಧೈರ್ಯ ಬಂತು, ಇವರಿಗೆ ಹೇಳಿದ್ರೆ ತಿದ್ತಾರೆ ಅಂತ."

ಆರ್ಮುಗಂ ಉಜ್ಜುಕಲ್ಲಿನಿಂದ ಎರಡು ಸಲ ಉಜ್ಜಿದ. ಸೀಳು ಮಾಯವಾಗಿ 'ಬ' ನಿಂತಿತು. "ಆಯ್ತು ಸಾರ್. ಇನ್ನಾ ಏನಾದ್ರೂ ತಪ್ಪಿದ್ರೆ ಈಗ್ಲೇ ಹೇಳ್ಬುಡಿ, ಉಳಿ ಕೈಯಲ್ಲೇ ಇದೆ. ಭಾನುವಾರ ಆದ್ಮೇಲೆ ಆಗಲ್ಲ." ಅವನು ಕೊನೆಯ ಸಾಲಿನ ಮೇಲೆ ಅಂಗೈ ಆಡಿಸಿದ. "ಈ ಕಡೇ ಲೈನು ಚಿಕ್ಕದು, ನೋಡಿ. ಇನ್ನಾ ಎರಡು ಮೂರು ಅಕ್ಷರಕ್ಕೆ ಜಾಗ ಇದೆ. ಏನಾದ್ರೂ ಬಿಟ್ಟೋಗಿದ್ಯಾ?"

ಬಿಟ್ಟುಹೋಗಿತ್ತು. 'ಅಲ್ಲಾಬಕ್ಷ್ ನಿದ್ರೆ ಹೋಗಿದ್ದ'. ಎಂಜಿನಿಯರರೂ ಮ್ಯಾನೇಜರರೂ ಬಹುವಚನದಲ್ಲಿ ನಿವೃತ್ತರಾದ ದಾರಿಯಲ್ಲಿ ಏಕವಚನದಲ್ಲಿ ನಿದ್ರೆ ಹೋದವನು ಇವನೊಬ್ಬ. 'ಹೋಗಿದ್ದ'ದ ಮುಂದೆ ಕರಿಕಲ್ಲು ನಯವಾಗಿ, ಖಾಲಿಯಾಗಿತ್ತು. ಚುಕ್ಕೆಯೂ ಇರಲಿಲ್ಲ. ವಾಕ್ಯ ಇನ್ನೂ ಮುಗಿದಿರಲಿಲ್ಲ. 'ನಂತೆ' ಸರಿಯಾಗಿ ಹಿಡಿಯುತ್ತಿತ್ತು. ಪೂರ್ತಿ ಹೇಳಲು ಧೈರ್ಯವಿಲ್ಲವೆಂದರೆ ಬೇಡ, ವಿಜಯನ ಹೆಸರು ಬೇಡ, ಬಿಲ್ಲೆಯ ಮಾತು ಬೇಡ. ಒಂದು ಸೊನ್ನೆ, ಒಂದು ಎತ್ವ, ಎರಡೂವರೆ ಅಕ್ಷರ. ಅಷ್ಟನ್ನು ಕೆತ್ತು ಎಂದರೆ ಆರ್ಮುಗಂ ಯಾಕೆಂದು ಕೇಳುವುದಿಲ್ಲ. ಆದರೆ ಕನ್ನಡ ಟೀಚರು ಕೇಳುತ್ತಾಳೆ. ಯಾಕೆ ಸಾರ್, ಅಂತೆ ಯಾಕೆ? ನಿಮಗೆ ಏನಾದ್ರೂ ಗೊತ್ತಾ? ಅವಳ ಪ್ರಶ್ನೆ ಅವನಿಗೆ ಈಗಲೇ ಕೇಳಿಸಿತು. ಅದರ ಹಿಂದೆ ಜಗದಾಂಬಾಳ ಮುಖ, ಅಂಗಡಿಯಲ್ಲಿ ವಿಜಯನ ನಗು, ಪತ್ರಿಕೆ ಓದಿಸಿಕೊಂಡು ಗೋಡೆಗೆ ಒರಗಿ ಕೂತ ಮುದುಕ. ಆ ಮುದುಕ ಅವತ್ತಿನ ಹಾಗೇ ಅವನನ್ನು ನೋಡುತ್ತಿದ್ದ, ಸಿಟ್ಟಿಲ್ಲದೆ, ಇನ್ನೇನು ತಿದ್ದಿಕೊಳ್ಳುತ್ತಾನೆ ಎಂದು ಕಾಯುತ್ತ.

"ಸಾರ್?" ಎಂದ ಆರ್ಮುಗಂ. "ಹೇಳಿ. ಇದ್ಯಾ?"

"ಇದೆ," ಎಂದ ಶಿವಮೂರ್ತಪ್ಪ.

ಇಬ್ಬರೂ ಅವನ ಮುಖ ನೋಡಿದರು. ಹಫೀಜಾಳ ಕಣ್ಣಿನಲ್ಲಿ ವಿದ್ಯಾರ್ಥಿಯ ಕುತೂಹಲವಿತ್ತು. ಅವನ ಬಾಯಿ ತೆರೆಯಿತು. ನಾಲಗೆ ಮೇಲಕ್ಕೆ, ಹಲ್ಲಿನ ಹಿಂದಕ್ಕೆ, 'ನ'ಕಾರಕ್ಕೆ ಹೋಗಿ ತಾಗಿದ್ದೂ ಅವನಿಗೆ ತಿಳಿಯಿತು. ಬೇಲಿಯಾಚೆ ಬಸ್ಸು ಹೊರಡುತ್ತ ಹಾರ್ನ್ ಹೊಡೆಯಿತು.

"ಪೂರ್ಣವಿರಾಮ ಇಲ್ಲ," ಎಂದ. "ಎಲ್ಲಾ ಕಲ್ಲಲ್ಲೂ ಇದೆ, ಇದ್ರಲ್ಲಿಲ್ಲ. ಒಂದು ಚುಕ್ಕೆ ಹಾಕ್ಬಿಡು."

ಆರ್ಮುಗಂ ಉಳಿಯ ತುದಿಯನ್ನು 'ಹೋಗಿದ್ದ'ದ ಪಕ್ಕ, ಆ ಖಾಲಿ ಜಾಗದ ಬಾಗಿಲಲ್ಲೇ ಊರಿದ. ಒಂದೇ ಏಟು. ಕಲ್ಲಿನ ಚೂರೊಂದು ಸಿಡಿದು ಶಿವಮೂರ್ತಪ್ಪನ ಪಾದಕ್ಕೆ ಬಿತ್ತು. ಹಫೀಜಾ ಬಾಗಿ ದುಪಟ್ಟಾದ ಅಂಚಿನಿಂದ ಪುಡಿ ಒರೆಸಿದಳು. ಆಮೇಲೆ ಹಿಂದಕ್ಕೆ ಸರಿದು ನಿಂತು, ತರಗತಿಯಲ್ಲಿ ಮಕ್ಕಳಿಗೆ ಓದಿ ತೋರಿಸುವ ಹಾಗೆ, ಅಪ್ಪನ ಹೆಸರನ್ನು ಬಿಡಿಸಿ ಬಿಡಿಸಿ, ಆ ಸಾಲನ್ನು ಕೊನೆಯವರೆಗೂ ಗಟ್ಟಿಯಾಗಿ ಓದಿದಳು. ಚುಕ್ಕೆಯ ಹತ್ತಿರ ಬಂದು ನಿಯಮದ ಪ್ರಕಾರ ನಿಲ್ಲಿಸಿದಳು.

"ಈಗ ಎಲ್ಲಾ ಸರಿಯಾಯ್ತು ಸಾರ್," ಎಂದಳು.